ಅಂಚೆಯ ಓಟ, ಜಾಲದ ಓಟ

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾಗಿ, 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಲೀನವಾದ ಮೈಸೂರು ಅಂಚೆಯ ಓಟದಾಳು, ಓಲೆಯ ಒಕ್ಕಣೆಯನ್ನರಿಯದೆ, ಮುಂದಿನ ಠಾಣೆಯವರೆಗೆ ಮಾತ್ರ ಚೀಲವನ್ನು ಹೊತ್ತು ಮತ್ತೊಬ್ಬನಿಗೊಪ್ಪಿಸುತ್ತಿದ್ದನು. ಅಂತರ್ಜಾಲದ ಕ್ರಮವೂ ತತ್ತ್ವತಃ ಇದೇ: ಇಮೇಲು ಸಣ್ಣ ಪ್ಯಾಕೆಟ್ಟುಗಳಾಗಿ ಒಡೆದು, ಪ್ರತಿಯೊಂದೂ ಗಮ್ಯದ ಐ.ಪಿ. ವಿಳಾಸವನ್ನು ಹೊತ್ತು ಹೊರಡಲು, ನಡುವಣ ರೌಟರೆಂಬ ಯಂತ್ರವು, ಅರಸೀಕೆರೆ ಸೀಮೆಯ ಗಂಡಸಿ ಹ್ಯಾಂಡ್‌ಪೋಸ್ಟಿನಂಥ ಕೂಡುರಸ್ತೆಯ ಕೈಮರದಂತೆ, ಇಡೀ ಪಯಣವನ್ನಲ್ಲ, ಮುಂದಿನ ದಾರಿಯನ್ನಷ್ಟೇ ತೋರುವುದು. 1995ರ ಆಗಸ್ಟ್ 15ರಂದು ಸರ್ಕಾರಿ ಸಂಸ್ಥೆಯಾಗಿದ್ದ ವಿ.ಎಸ್.ಎನ್.ಎಲ್. ಭಾರತದಲ್ಲಿ ಈ ಜಾಲವನ್ನು ಸಾರ್ವಜನಿಕರಿಗೆ ತೆರೆಯಿತು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಿತು, ಬಹುಮಂದಿ ಗಮನಿಸಲೂ ಇಲ್ಲ! ಜಮೀನಿನ ದಾಖಲೆಗಳನ್ನು ಗಣಕಕ್ಕೇರಿಸಿದ ಭೂಮಿ ಯೋಜನೆಯ ತರುವಾಯವಂತೂ ಗಂಡಸಿ ಹೋಬಳಿಯ ತೆಂಗಿನ ತೋಟದ ಪಹಣಿಯೇ ಶಾನುಭೋಗಿಕೆಯ ಕಾಲದ ಕಾಗದದ ಕಟ್ಟನ್ನು ತೊರೆದು ಸರ್ವರೆಂಬ ಗಣಕವನ್ನು ಸೇರಿತು. ಕ್ಲೌಡ್ ಎಂಬುದೂ ಬೇರೇನಲ್ಲ, ದೂರದ ಕಟ್ಟಡವೊಂದರಲ್ಲಿ ಹಗಲಿರುಳು ತಂಪುಗಾಳಿಯನ್ನು ಬೇಡುವ ಅಂಥ ಸರ್ವರುಗಳ ಸಾಲು.