ಮಾದಕದ್ರವ್ಯ ತೋರಿಸಿಕೊಟ್ಟ ಕಿಣ್ವ

ಪಾರ್ಕಿನ್‌ಸನ್ ಕಾಯಿಲೆ, ಅಂದರೆ ಅದುರುವಾಯು, ಸಾಮಾನ್ಯವಾಗಿ ಇಳಿವಯಸ್ಸಿನಲ್ಲಿ ನಿಧಾನವಾಗಿ ಆವರಿಸುತ್ತದೆಂಬುದು ನಿಮಗೆ ಗೊತ್ತು. ಆದರೆ 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಿರಿಯ ವಯಸ್ಸಿನ ಕೆಲವರು ಕೆಲವೇ ದಿನಗಳಲ್ಲಿ ಕೊರಡಿನಂತೆ ಸೆಟೆದು, ಮಾತನಾಡಲೂ ಆಗದೆ ಆಸ್ಪತ್ರೆ ಸೇರಿದರು. ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ವಿಚಾರಿಸಿದಾಗ, ಇವರೆಲ್ಲ ಹೆರಾಯಿನ್ ಹೆಸರಿನಲ್ಲಿ ಮಾರಾಟವಾದ ಕಳ್ಳ ಮಾದಕವನ್ನು ಚುಚ್ಚಿಕೊಂಡಿದ್ದರೆಂದು ತಿಳಿಯಿತು. ಅದರಲ್ಲಿ ಎಂಪಿಟಿಪಿ ಎಂಬ ಸಂಯುಕ್ತ ಸೇರಿಕೊಂಡಿತ್ತು.

ಎಂಪಿಟಿಪಿ ತಾನೇ ವಿಷವಲ್ಲ. ಮಿದುಳನ್ನು ಹೊಕ್ಕ ಮೇಲೆ ಮೋನೊಅಮೀನ್ ಆಕ್ಸಿಡೇಸ್–ಬಿ ಎಂಬ ಕಿಣ್ವ ಅದನ್ನು ವಿಷವಾಗಿ ಮಾರ್ಪಡಿಸುತ್ತದೆ. ಈ ಕಿಣ್ವದ ನೆಲೆ ಮೈಟೊಕಾಂಡ್ರಿಯದ ಹೊರಪೊರೆ. ವಯಸ್ಸಾದಂತೆ ಮಿದುಳಿನಲ್ಲಿ ಇದರ ಪ್ರಮಾಣ ಏರುತ್ತದೆಂಬುದನ್ನು ಗಮನಿಸಿ. ಡೋಪಮಿನ್ ತಯಾರಿಸುವ ನರಕೋಶಗಳು ಈ ವಿಷವನ್ನು ಡೋಪಮಿನ್ನೆಂದೇ ಬಗೆದು ಒಳಗೆಳೆದುಕೊಳ್ಳುತ್ತವೆ. ಅಲ್ಲಿ ಅದು ಮೈಟೊಕಾಂಡ್ರಿಯದ ಒಳಪೊರೆಯಲ್ಲಿರುವ, ಶಕ್ತಿ ಉತ್ಪಾದನಾ ಸರಪಳಿಯ ಮೊದಲ ಕೊಂಡಿಯಾದ ಕಿಣ್ವ ಸಂಕೀರ್ಣ–1ನ್ನು ತಡೆಹಿಡಿಯುತ್ತದೆ. ಎಟಿಪಿ ಕುಸಿದು ಕೋಶ ಸಾಯುತ್ತದೆ. ಒಂದು ಕಿಣ್ವ ವಿಷ ತಯಾರಿಸಿತು, ಇನ್ನೊಂದು ಅದಕ್ಕೆ ಬಲಿಯಾಯಿತು!

ಮಾದಕದ ಗಾಳಿಯೂ ಸೋಕದ ಸಾಮಾನ್ಯ ರೋಗಿಗಳ ಗತಿ ಏನು? 1989ರಲ್ಲಿ ಲಂಡನ್ನಿನ ಆಂಟನಿ ಶಪೀರಾ ಮತ್ತು ಸಂಗಡಿಗರು ಮೃತ ರೋಗಿಗಳ ಮಿದುಳನ್ನು ಪರೀಕ್ಷಿಸಿದರು. ಡೋಪಮಿನ್ ಕೋಶಗಳ ನೆಲೆಯಾದ ಸಬ್‌ಸ್ಟ್ಯಾನ್ಷಿಯ ನೈಗ್ರ ಭಾಗದಲ್ಲಿ ಇದೇ ಸಂಕೀರ್ಣ–1 ಕುಗ್ಗಿತ್ತು.

ವಿಷ ತಯಾರಿಸುವ ಕಿಣ್ವವನ್ನೇ ಕಟ್ಟಿಹಾಕಿದರೆ? 1984ರಲ್ಲಿ ಹಾಗೆ ಮಾಡಿದಾಗ ಕೋತಿಗಳು ಎಂಪಿಟಿಪಿಯಿಂದ ಪಾರಾಗಿದ್ದವು. ಸಹಜವಾಗಿಯೇ ಆಸೆ ಚಿಗುರಿತು. ಆದರೆ ಅದೇ ಬಗೆಯ ಔಷಧವಾದ ಸೆಲಿಜಿಲಿನ್, ರೋಗಿಗಳಲ್ಲಿ ಲಕ್ಷಣಗಳನ್ನು ತಗ್ಗಿಸಿತೇ ಹೊರತು ನರಕೋಶಗಳ ಸಾವನ್ನು ತಡೆಯುತ್ತದೆಂದು ಸಾಬೀತಾಗಲಿಲ್ಲ.