ಪುಣೆಯಲ್ಲಿ ಬಿಡಿಸಿದ ಒತ್ತಕ್ಷರ

ಗಣಕದ ತೆರೆಯ ಮೇಲೆ ಕನ್ನಡದ ಒಂದು ಒತ್ತಕ್ಷರವನ್ನು ಮೂಡಿಸುವುದು ಬರವಣಿಗೆಯ ಕೆಲಸವೋ ಚಿತ್ರ ಬರೆಯುವ ಕೆಲಸವೋ? ಈ ಪ್ರಶ್ನೆಗೆ ನಾಲ್ಕು ದಶಕಗಳ ಇತಿಹಾಸವಿದೆ. ಅದರ ಮುಖ್ಯ ಅಧ್ಯಾಯ ನಡೆದದ್ದು ಪುಣೆಯಲ್ಲಿ. 1988ರಲ್ಲಿ ಅಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ ಎಂದೊಡನೆ ನಮಗೆ 1991ರ ಪರಮ್ 8000 ಮಹಾಗಣಕವೂ ಅದರ ನಿರ್ಮಾಣವನ್ನು ಮುನ್ನಡೆಸಿದ ವಿಜಯ ಭಟ್ಕರ್ ಅವರೂ ನೆನಪಾಗುತ್ತಾರೆ. ಅದೇ ಸೂರಿನಡಿ ಬೆಳೆದ ಜಿಸ್ಟ್ ಎಂಬ ಯೋಜನೆಗೆ ಅಷ್ಟು ಪ್ರಸಿದ್ಧಿ ದೊರೆಯಲಿಲ್ಲ. ಕನ್ನಡ ಓದುವ ನಮ್ಮ ನಿತ್ಯಜೀವನವನ್ನು ಹೆಚ್ಚು ತಟ್ಟಿದ್ದು ಮಹಾಗಣಕಕ್ಕಿಂತ ಈ ಯೋಜನೆಯೇ ಎಂದು ನಾವು ಭಾವಿಸುತ್ತೇವೆ.

ಜಿಸ್ಟ್‌ನ ಬೇರು ಇದ್ದದ್ದು ಕಾನ್ಪುರದ ಐಐಟಿಯಲ್ಲಿ. 1980ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ದೇವನಾಗರಿ ಟರ್ಮಿನಲ್ಲಿನ ಕೆಲಸ ನಡೆಯಿತು. ಅದರಲ್ಲಿ ತೊಡಗಿದ್ದ ಮೋಹನ್ ತಾಂಬೆ ಮುಂದೆ ಪುಣೆಗೆ ಬಂದು ಸಿ-ಡ್ಯಾಕ್‌ನಲ್ಲಿ ಆ ಕೆಲಸವನ್ನು ಮುಂದುವರಿಸಿದರು. ಜಿಸ್ಟ್ ಎಂಬ ಹೆಸರಿನ ಮೊದಲ ಅಕ್ಷರವೇ ‘ಗ್ರಾಫಿಕ್ಸ್’ ಎಂಬುದನ್ನು ಸೂಚಿಸುತ್ತದೆ. ಇದು ಆಕಸ್ಮಿಕವಲ್ಲ. ಅಂದಿನ ವೈಯಕ್ತಿಕ ಗಣಕದ ತೆರೆ ಎಂದರೆ 25 ಸಾಲು, ಸಾಲಿಗೆ 80 ಮನೆ, ಮನೆಗೊಂದು ಅಕ್ಷರ. ಇಂಗ್ಲಿಷಿಗೆ ಇದು ಧಾರಾಳವಾಗಿ ಸಾಕಾಗುತ್ತಿತ್ತು. ಕನ್ನಡದ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಇಂಥ ಮನೆಗಳಲ್ಲಿ ಕೂರಿಸಲು ಹೊರಟರೆ ಮನೆಗಳೂ ಸಾಲವು, ಅಚ್ಚುಗಳೂ ಸಾಲವು.

ಪುಣೆಯ ಉತ್ತರ ಸರಳವಾಗಿತ್ತು, ಗಾಢವಾಗಿತ್ತು. ಸ್ಮೃತಿಯಲ್ಲಿ ಉಳಿಯಬೇಕಾದದ್ದು ಅಕ್ಷರದ ಚಿತ್ರವಲ್ಲ, ಅದರ ಉಚ್ಚಾರಣೆಯ ಕ್ರಮ. ಚಿತ್ರವನ್ನು ತೋರಿಸುವ ಗಳಿಗೆಯಲ್ಲಿ ಬರೆದುಕೊಂಡರಾಯಿತು. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ನೋಡೋಣ. ಉಳಿಯುವುದು ಆರು ಸಂಕೇತ: ಸ, ವಿರಾಮಚಿಹ್ನೆ, ತ, ಮತ್ತೆ ವಿರಾಮಚಿಹ್ನೆ, ರ, ಕೊನೆಗೆ ಈ-ಕಾರ. ಬರೆಯುವಾಗಲಾದರೋ ಕೊನೆಯಲ್ಲಿ ಉಚ್ಚರಿಸಿದ ಈ-ಕಾರದ ಗುಡಿಸು ಎಲ್ಲಕ್ಕಿಂತ ಮೊದಲಿನ ಸಕಾರದ ತಲೆಯೇರುತ್ತದೆ. ತ, ರ ಎರಡೂ ಕೆಳಗಿಳಿದು ಒತ್ತುಗಳಾಗುತ್ತವೆ. ದೀರ್ಘ ಮಾತ್ರ ಹೊರಗೆ ಬಲಕ್ಕೆ ನಿಲ್ಲುತ್ತದೆ. ‘ಧರ್ಮ’ದಲ್ಲಿ ಮೊದಲು ನುಡಿಯುವ ರೇಫ ಮಕಾರದ ನಂತರ ಅರ್ಕಾವೊತ್ತಾಗಿ ಬಂದು ಕೂರುತ್ತದೆ. ಕಿವಿಯ ಕ್ರಮ ಬೇರೆ, ಕಣ್ಣಿನ ಕ್ರಮ ಬೇರೆ. ಅಚ್ಚುಮೊಳೆ ಜೋಡಿಸುತ್ತಿದ್ದವರ ಕೈಗೆ ಇದು ಗೊತ್ತಿತ್ತು; ಜಿಸ್ಟ್ ಕಾರ್ಡು ಅದನ್ನು ಯಂತ್ರಕ್ಕೆ ಕಲಿಸಿತು. ಗಣಕದೊಳಗೆ ಸಿಕ್ಕಿಸಿದ ಈ ಫಲಕ, ಡಾಸ್ ಕಾಲದ ವರ್ಡ್‌ಸ್ಟಾರ್, ಡಿಬೇಸ್‌ಗಳಂಥ ತಂತ್ರಾಂಶಗಳಿಗೆ ಅರಿವಿಲ್ಲದಂತೆಯೇ ಅವುಗಳ ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ತೆರೆಯ ಮೇಲೆ ಬರೆಯುತ್ತಿತ್ತು.

ಭಾರತೀಯ ಲಿಪಿಗಳ ವರ್ಣಮಾಲೆಯ ಬಂಧುತ್ವವನ್ನೇ ಆಧಾರವಾಗಿಸಿಕೊಂಡ ಈ ಸಂಕೇತಕ್ರಮಕ್ಕೆ ಇಸ್ಕಿ ಎಂದು ಹೆಸರು. 1991ರಲ್ಲಿ ಅದು ಐಎಸ್ 13194 ಎಂಬ ರಾಷ್ಟ್ರೀಯ ಮಾನಕವಾಯಿತು. ಮರಾಠಿಯಲ್ಲಿ ನಮೂದಿಸಿದ ಹೆಸರನ್ನು ಸಂಕೇತ ಬದಲಿಸದೆ ಕನ್ನಡದಲ್ಲಿ ತೋರಿಸಬಹುದಾಗಿತ್ತು. 1988ರ ಇಸ್ಕಿಯೇ ಯೂನಿಕೋಡ್‌ನ ಭಾರತೀಯ ವಿಭಾಗಗಳಿಗೂ ತಳಪಾಯವಾಯಿತು. ದೇವನಾಗರಿಯ ಕಕಾರವೂ ಕನ್ನಡದ ಕಕಾರವೂ ಇಂದಿಗೂ ತಮ್ಮ ತಮ್ಮ 128 ಮನೆಗಳ ಸಾಲಿನಲ್ಲಿ ಒಂದೇ ಸ್ಥಾನದಲ್ಲಿವೆ. (ಹೊಂದಾಣಿಕೆಯ ಬೆಲೆಯನ್ನೂ ನಾವು ತೆತ್ತಿದ್ದೇವೆ: ‘ರ‍್ಯಾಂಕ್’ ಎಂದು ಬರೆಯಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ತುರುಕಬೇಕು.)

ಆದರೆ ವಿಂಡೋಸ್ ಬಂದಾಗ ಈ ಪಾಠ ಮರೆಯಿತು. ಮುದ್ರಣಾಲಯಗಳಿಗೆ ಬೇಕಾದದ್ದು ಸುಂದರ ಪುಟ, ಅದೂ ಕೂಡಲೇ. ಪುಣೆಯದೇ ಆದ ಶ್ರೀಲಿಪಿ, ಸಿ-ಡ್ಯಾಕ್‌ನದೇ ಆದ ಇಸ್ಫಾಕ್ ಫಾಂಟುಗಳು, ನಮ್ಮ ಬರಹ, ನುಡಿ, ಎಲ್ಲವೂ ಅಕ್ಷರದ ತುಂಡುಚಿತ್ರಗಳಿಗೆ ಸಂಕೇತ ಕೊಟ್ಟು ಕೆಲಸ ಸಾಗಿಸಿದವು. ಅಂದಿನ ಅನಿವಾರ್ಯವನ್ನು ನಾವು ಹಳಿಯುವುದಿಲ್ಲ. ಅವು ಇಲ್ಲದಿದ್ದರೆ ಆ ಕಾಲದಲ್ಲಿ ಕನ್ನಡ ಪುಸ್ತಕಗಳು ಗಣಕದಲ್ಲಿ ಸಿದ್ಧವಾಗುತ್ತಲೇ ಇರಲಿಲ್ಲ. ಆದರೂ ಫಾಂಟು ಬದಲಾದರೆ ಪಠ್ಯವೇ ಅರ್ಥವಿಲ್ಲದ ಗೀಚಾಗುವ ಆ ಕಡತಗಳು ಇಂದಿಗೂ ಎಷ್ಟೋ ಲೇಖಕರ ಮನೆಗಳಲ್ಲಿ ಪರಿವರ್ತಕ ತಂತ್ರಾಂಶಕ್ಕಾಗಿ ಕಾಯುತ್ತಿವೆ.

ಈಗ ಮರೆವಿನ ಮತ್ತೊಂದು ಸುತ್ತು ನಡೆಯುತ್ತಿದೆ. 2004ರಲ್ಲಿ ಆಪಲ್ ಸಂಸ್ಥೆ ಬ್ರೌಸರಿನಲ್ಲಿ ಚಿತ್ರ ಬರೆಯಲು ಕ್ಯಾನ್ವಾಸ್ ಎಂಬ ಅಂಗವನ್ನು ತಂದಿತು. 2011ರಲ್ಲಿ ವೆಬ್‌ಜಿಎಲ್ ಬಂತು. ಹಿಂಜವಡಿಯಲ್ಲೋ ಬೆಂಗಳೂರಿನಲ್ಲೋ ಕುಳಿತ ಜಾಲತಾಣ ನಿರ್ಮಾಪಕರು ಅಕ್ಷರಗಳು ತೇಲುವ, ಬೆರಳು ಸೋಕಿದರೆ ಚದುರುವ, ಒಂದೊಂದಾಗಿ ಮೂಡುವ ಚಿತ್ರಪ್ರಯೋಗಗಳನ್ನು ಮಾಡುತ್ತಾರೆ. ವೆಬ್‌ಜಿಎಲ್‌ಗೆ ಅಕ್ಷರವೆಂಬುದೇ ತಿಳಿಯದು; ಅದು ಬಲ್ಲದ್ದು ಬಿಂದು, ರೇಖೆ, ತ್ರಿಕೋನಗಳನ್ನಷ್ಟೆ. ಆದ್ದರಿಂದ ಬಹುತೇಕ ಪ್ರಯೋಗಗಳು ಇಂಗ್ಲಿಷಿನ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಚಿತ್ರವಾಗಿಸಿಕೊಂಡು, ಬೇಕಾದದ್ದನ್ನು ಕತ್ತರಿಸಿ ಅಂಟಿಸುತ್ತವೆ. ಅದೇ ವಿಧಾನಕ್ಕೆ ಕನ್ನಡವನ್ನು ಒಡ್ಡಿದರೆ ‘ಸ್ತ್ರೀ’ ಎಂಬುದು ಸ, ತ, ರ ಎಂದು ಬಿಡಿಬಿಡಿಯಾಗಿ ಬೀಳುತ್ತದೆ, ನಡುವೆ ಅನಾಥ ವಿರಾಮಚಿಹ್ನೆಗಳೊಡನೆ. ಡಾಸ್ ಕಾಲದ 80 ಮನೆಗಳ ಸಾಲು ಹೊಸ ವೇಷದಲ್ಲಿ ಮರಳಿದಂತಾಯಿತು.

ಪರಿಹಾರ ಇಲ್ಲದಿಲ್ಲ. ಇಡೀ ಪದವನ್ನು ಬ್ರೌಸರಿನಿಂದಲೇ ಕ್ಯಾನ್ವಾಸ್ ಮೇಲೆ ಬರೆಸಿ ಆ ಚಿತ್ರವನ್ನು ವೆಬ್‌ಜಿಎಲ್‌ಗೆ ಒಪ್ಪಿಸಬಹುದು. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಲಿಪಿಯ ಜೋಡಣೆಯನ್ನು ಚೆನ್ನಾಗಿ ಬಲ್ಲದು. ತೊಡಕಿರುವುದು ಅಕ್ಷರವನ್ನು ಎಲ್ಲಿ ಬಿಡಿಸಬೇಕೆಂಬಲ್ಲಿ. ಅದಕ್ಕಾಗಿ ಯೂನಿಕೋಡ್ ಒಂದು ನಿಯಮಾವಳಿಯನ್ನು ಪಾಲಿಸುತ್ತದೆ. 2023ರ 15.1ನೆಯ ಆವೃತ್ತಿಯಲ್ಲಿ, ಒತ್ತಕ್ಷರವನ್ನು ಒಡೆಯಬಾರದೆಂಬ ಸೂತ್ರ ಅದರಲ್ಲಿ ಸೇರಿತು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ತೆಲುಗಿನ ಒಡಹುಟ್ಟಾದ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಆ ಸೂತ್ರದ ಪ್ರಕಾರ ತೆಲುಗಿನ ‘ಸ್ತ್ರೀ’ ಒಂದು ಘಟಕ, ಕನ್ನಡದ ‘ಸ್ತ್ರೀ’ ಮೂರು. ಈ ವ್ಯತ್ಯಾಸ ನಮಗೆ ಸಣ್ಣದೆನಿಸುವುದಿಲ್ಲ. ಮಕ್ಕಳಿಗೆ ಅಕ್ಷರ ಕಲಿಸುವ ಆಟ, ಪದಬಂಧ, ಶಾಸನದ ಸಾಲನ್ನು ಬಿಡಿಸಿ ತೋರಿಸುವ ಪುಟ, ಇವೆಲ್ಲಕ್ಕೂ ಆಧಾರ ಆ ಎಣಿಕೆಯೇ.

ಹೀಗಾಗಿ ಕನ್ನಡಕ್ಕಾಗಿ ಇಂಥ ಪ್ರಯೋಗ ಮಾಡುವವರು ಸೂತ್ರವನ್ನು ತಾವೇ ಬರೆದುಕೊಳ್ಳಬೇಕಾಗಿದೆ: ಒಂದು ತುಂಡು ವಿರಾಮಚಿಹ್ನೆಯಲ್ಲಿ ಮುಗಿದರೆ ಅದನ್ನು ಮುಂದಿನ ವ್ಯಂಜನದೊಡನೆ ಸೇರಿಸು, ‘ರಾಜ್‌ಕುಮಾರ್’ ಎಂಬಲ್ಲಿರುವಂತೆ ನಡುವೆ ಬೇರ್ಪಡಿಸುವ ಅದೃಶ್ಯ ಸಂಕೇತವಿದ್ದರೆ ಸೇರಿಸಬೇಡ. ಜಾವಾಸ್ಕ್ರಿಪ್ಟಿನಲ್ಲಿ ಇದು ಏಳೆಂಟು ಸಾಲಿನ ಕೆಲಸ. ಗಣೇಶಖಿಂಡದ ಪ್ರಯೋಗಾಲಯದಲ್ಲಿ ಅದು ಫಲಕವೊಂದರ ಮೇಲೆ ಕೂತಿತ್ತು.