ಹುತ್ತದ ಅಣಬೆ ಮತ್ತು ಮಳೆಯ ಲೆಕ್ಕ

ಮಲೆನಾಡು, ಕೊಡಗು, ಕರಾವಳಿಯ ಕಾಡಂಚಿನ ಊರುಗಳಲ್ಲಿ ಅಣಬೆ ಏಳುವ ಕಾಲವನ್ನು ಗುರುತಿಸುವುದು ಮಳೆ ನಕ್ಷತ್ರಗಳಿಂದ. ಮುಂಗಾರಿನ ಮೊದಲ ಮಳೆಗಳಿಗೆ ಹುತ್ತದಿಂದ ರೆಕ್ಕೆಯ ಗೆದ್ದಲು ಹಾರುತ್ತದೆ. ಅದಾಗಿ ಕೆಲವು ವಾರಗಳಲ್ಲಿ, ಹೆಚ್ಚಾಗಿ ಆರಿದ್ರಾದಿಂದ ಆಶ್ಲೇಷಾ ಮಳೆಯವರೆಗೆ, ಅದೇ ನೆಲ ಬಿರಿದು ಬಿಳಿ ಕೊಡೆಗಳು ಮೇಲೇಳುತ್ತವೆ. ಗುಡುಗು ಅಣಬೆಯನ್ನು ಎಬ್ಬಿಸುತ್ತದೆ ಎಂಬ ನಂಬಿಕೆ ಹಲವೆಡೆ ಇದೆ. ಕೊಡಗಿನಲ್ಲಿ ಅಣಬೆಯ ಹೆಸರು ಕುಮ್ಮು. ಕಕ್ಕಡ ತಿಂಗಳ ಜಡಿಮಳೆಯ ದಿನಗಳಲ್ಲಿ ಇದರ ಸಾರಿಗೆ ಮನೆಮನೆಯೂ ಕಾಯುತ್ತದೆ.

ಹಳೆಯ ಗ್ರಂಥಗಳಲ್ಲಿ ಅಣಬೆಯ ಬಗ್ಗೆ ಒಮ್ಮತವಿಲ್ಲ. ಮನುಸ್ಮೃತಿ ಅದನ್ನು ದ್ವಿಜರಿಗೆ ನಿಷೇಧಿಸಿತು. ಸುಶ್ರುತ ಸಂಹಿತೆಯಾದರೋ ಹುಲ್ಲು, ಕಬ್ಬು, ಸಗಣಿ, ಬಿದಿರು, ನೆಲ ಎಂದು ಹುಟ್ಟುವ ಜಾಗದ ಮೇಲೆ ಅಣಬೆಗಳನ್ನು ವಿಂಗಡಿಸಿತು. ಅಣಬೆ ಎಲ್ಲಿ ಏಳುತ್ತದೆ ಎಂಬುದೇ ಅದರ ಮೊದಲ ಗುರುತು ಎಂಬ ಈ ತಿಳಿವಳಿಕೆ ಕಾಡಿನ ಜನರ ಅರಿವಿಗೆ ಬಹಳ ಹತ್ತಿರವಾದದ್ದು.

ಹುತ್ತದ ಒಳಗಿನ ಸಂಗತಿ ಲಿಖಿತ ವಿಜ್ಞಾನಕ್ಕೆ ಬಂದದ್ದೂ ದಕ್ಷಿಣ ಭಾರತದಿಂದಲೇ. ಲಿನೇಯಸನ ಶಿಷ್ಯ ಯೋಹಾನ್ ಗೆರ್ಹಾರ್ಡ್ ಕೋನಿಗ್ ತಂಜಾವೂರಿನ ಗೆದ್ದಲುಗಳನ್ನು ಗಮನಿಸಿ, ಗೂಡಿನೊಳಗಿನ ಶಿಲೀಂಧ್ರದ ವಿವರವನ್ನು 1779ರಲ್ಲಿ ಪ್ರಕಟಿಸಿದ. 1906ರಲ್ಲಿ ಸಿಲೋನಿನ ಪೇರಾದೆಣಿಯದಿಂದ ಟಾಮ್ ಪೆಚ್ ಇದರ ವಿಸ್ತಾರವಾದ ಅಧ್ಯಯನ ಹೊರತಂದ. ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಈ ಅಣಬೆಗಳಿಗೆ ಟರ್ಮಿಟೋಮೈಸಿಸ್ ಎಂಬ ಪ್ರತ್ಯೇಕ ಕುಲವನ್ನೇ ರಚಿಸಿದ. 1979ರಲ್ಲಿ ಭಾರತದಿಂದ ವರ್ಣಿತವಾದ ಒಂದು ಪ್ರಭೇದಕ್ಕೆ ಅವನದೇ ಹೆಸರು ಸಂದಿತು.

ಗೆದ್ದಲು ತಾನು ತಿಂದ ಒಣಎಲೆ, ಕಟ್ಟಿಗೆಯನ್ನು ಗೂಡಿನೊಳಗೆ ವಿಸರ್ಜಿಸಿ, ಜೇನುಹಟ್ಟಿಯಂತೆ ರಂಧ್ರಮಯವಾದ ಹಟ್ಟಿಯೊಂದನ್ನು ಕಟ್ಟುತ್ತದೆ. ಅದರ ಮೇಲೆ ಬೆಳೆವ ಶಿಲೀಂಧ್ರ ಗಟ್ಟಿ ನಾರನ್ನು ಕರಗಿಸಿ ಗೆದ್ದಲಿಗೆ ಆಹಾರವಾಗುತ್ತದೆ. ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಆರಂಭವಾದ ಬೇಸಾಯವಿದು. ಮಳೆ ನೆಲವನ್ನು ನೆನೆಸಿದಾಗ ಹಟ್ಟಿಯಿಂದ ಬೇರಿನಂಥ ಉದ್ದನೆಯ ಕಾಂಡ ಮೇಲಕ್ಕೆ ಚಾಚುತ್ತದೆ. ಟೋಪಿಯ ಚೂಪು ತುದಿ ಗಟ್ಟಿ ಮಣ್ಣನ್ನು ಸೀಳುತ್ತದೆ. ಕಾಲದ ಗುಟ್ಟು ಇನ್ನೂ ಸೊಗಸಾದದ್ದು. ಹೆಚ್ಚಿನ ಜಾತಿಗಳಲ್ಲಿ ಹಾರಿಹೋದ ಗಂಡುಹೆಣ್ಣು ಶಿಲೀಂಧ್ರವನ್ನು ಜೊತೆಗೊಯ್ಯುವುದಿಲ್ಲ. ಅವು ಹೂಡಿದ ಹೊಸ ಗೂಡಿನ ಮೊದಲ ಕೆಲಸಗಾರರು ವಾರಗಳ ನಂತರ ಹೊರಬಿದ್ದು ಬೀಜಾಣುಗಳನ್ನು ಹುಡುಕಬೇಕು. ಆ ಹೊತ್ತಿಗೆ ಸರಿಯಾಗಿ ಹಳೆಯ ಹುತ್ತಗಳ ಅಣಬೆ ಅರಳಿ, ಬೀಜಾಣು ಉದುರಿಸುತ್ತಿರುತ್ತದೆ. ಗೆದ್ದಲು ಹಾರಿದ್ದನ್ನೂ ಅಣಬೆ ಎದ್ದದ್ದನ್ನೂ ಒಂದೇ ಸರಣಿಯಲ್ಲಿ ಕಂಡವರ ನೋಟ ಎಷ್ಟು ನಿಖರವಾಗಿತ್ತು!

ಗೂಡು ಬದುಕಿರುವವರೆಗೆ ವರ್ಷವರ್ಷವೂ ಅದೇ ಜಾಗದಲ್ಲಿ ಅಣಬೆ ಏಳಬಹುದು. ಆದ್ದರಿಂದ ಜಾಗವನ್ನು ಹೊರಗಿನವರಿಗೆ ಹೇಳದಿರುವುದು ಸಂಗ್ರಹಿಸುವವರ ವಾಡಿಕೆ. ಹುತ್ತವನ್ನು ನಾಗನ ನೆಲೆಯೆಂದು ಪೂಜಿಸಿ, ಅಗೆಯದೆ ಬಿಟ್ಟದ್ದೂ ಈ ಸುಗ್ಗಿಯನ್ನು ಕಾಪಾಡಿದೆ ಎಂದರೆ ತಪ್ಪಾಗದು. ಕಾಡು ಕಡಿದು, ನೆಲ ಸಮಗೊಳಿಸಿದ ಕಡೆ ಹಟ್ಟಿಯೂ ಉಳಿಯುವುದಿಲ್ಲ.

ಕಿತ್ತ ಅಣಬೆ ಒಂದೆರಡು ದಿನಕ್ಕೇ ಕೆಡುವುದರಿಂದ ಅದರ ವ್ಯಾಪಾರ ರಸ್ತೆಬದಿ, ಹತ್ತಿರದ ಸಂತೆಗಳನ್ನು ದಾಟಿದ್ದು ಕಡಿಮೆ. ಭತ್ತದ ಹುಲ್ಲಿನ ಅಣಬೆ, ಚಿಪ್ಪಣಬೆ, ಗುಂಡಿ ಅಣಬೆಗಳು 20ನೇ ಶತಮಾನದಲ್ಲಿ ಭಾರತದ ಕೃಷಿಗೆ ಒಗ್ಗಿದವು. ಹುತ್ತದ ಅಣಬೆಯನ್ನು ಮಾತ್ರ ಗೆದ್ದಲಿನ ನೆರವಿಲ್ಲದೆ ಮಾರುಕಟ್ಟೆಗೆ ಸಾಕಾಗುವಷ್ಟು ಬೆಳೆಸಲು ಈವರೆಗೆ ಸಾಧ್ಯವಾಗಿಲ್ಲ.